ಮಂಡಗದ್ದೆಯ ಒತ್ತು ಎಲ್ಲಿ ಹೋಯಿತು?



ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿ ಸುಮಾರು ಮೂವತ್ತು ಕಿಲೋಮೀಟರ್ ಸಾಗಿದರೆ ಮಂಡಗದ್ದೆ ಎಂಬ ಊರು ಸಿಗುತ್ತದೆ. ರಸ್ತೆಯ ಪಕ್ಕದಲ್ಲೇ ತುಂಗಾ ನದಿ. ನದಿಯ ನಡುವೆ ಒಂದು ಪುಟ್ಟ ದ್ವೀಪ. ಮಳೆಗಾಲದಲ್ಲಿ ಅಲ್ಲಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ನಿಮ್ಮಲ್ಲಿ ಹಲವರು ಈ ಪಕ್ಷಿಧಾಮವನ್ನು ನೋಡಿರಬಹುದು.

ಈ ಹಕ್ಕಿಗಳ ಬಗ್ಗೆ ನೀವು ಶಾಲೆಗಾಗಿ ಒಂದು ಜಾಲಪುಟವನ್ನು ಸಿದ್ಧಪಡಿಸಿದ್ದೀರಿ ಎಂದು ಭಾವಿಸೋಣ. ಕನ್ನಡದಲ್ಲೇ ಬರೆದಿದ್ದೀರಿ. ಪುಟದ ಮೇಲೆ ದಪ್ಪಕ್ಷರದಲ್ಲಿ 'ಮಂಡಗದ್ದೆ' ಎಂಬ ಶೀರ್ಷಿಕೆ. ನಿಮ್ಮ ಗಣಕದಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತಿದೆ. ಸಂತೋಷದಿಂದ ಗೆಳೆಯರಿಗೆ ತೋರಿಸುತ್ತೀರಿ. ಒಬ್ಬನ ಫೋನಿನಲ್ಲಿ ಅದು 'ಮಂಡಗದ್‌ದೆ' ಎಂದು ಬಿಡಿಬಿಡಿಯಾಗಿ ಕಾಣುತ್ತದೆ. ಇನ್ನೊಬ್ಬಳ ಫೋನಿನಲ್ಲಿ ಒತ್ತೇ ಇಲ್ಲ, 'ಮಂಡಗದೆ' ಎಂದಿದೆ. ಮೂರನೆಯವನಿಗೆ ಬರೀ ಚೌಕಗಳ ಸಾಲು. ಕಡೆಗೆ ನೋಡಿದವರೊಬ್ಬರು, "ನಿಮ್ಮ ಊರಿನ ಹೆಸರನ್ನೇ ತಪ್ಪು ಬರೆದಿದ್ದೀರಲ್ಲ!" ಎನ್ನುತ್ತಾರೆ.

ನೀವು ತಪ್ಪು ಬರೆದಿಲ್ಲ. ಆದರೆ ತಪ್ಪು ಎಲ್ಲಿದೆ ಎಂದು ತೋರಿಸುವುದು ಹೇಗೆ? ಇಂತಹ ಹೊತ್ತಿನಲ್ಲಿ ಬಹಳ ಮಂದಿ ಎರಡು ಸುಲಭದ ದಾರಿ ಹಿಡಿಯುತ್ತಾರೆ. ಒಂದು, ಕನ್ನಡದ ಗೊಡವೆಯೇ ಬೇಡವೆಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಬಿಡುವುದು. ಇನ್ನೊಂದು, ಬರಹವನ್ನು ಚಿತ್ರವಾಗಿ ಮಾಡಿ ಅಂಟಿಸುವುದು. ಚಿತ್ರದೊಳಗಿನ ಪದವನ್ನು ಸಾಮಾನ್ಯ ಹುಡುಕಾಟದಿಂದ ಹುಡುಕಲಾಗದು. ಕಣ್ಣು ಕಾಣದವರಿಗಾಗಿ ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದು ದಕ್ಕುವುದಿಲ್ಲ. ಆದ್ದರಿಂದ ಇವೆರಡೂ ಪರಿಹಾರಗಳಲ್ಲ, ಸೋಲುಗಳು. ಮೂರನೆಯ ದಾರಿಯೊಂದಿದೆ. ಅದು ದೋಷವನ್ನು ಬೆನ್ನಟ್ಟಿ ಹಿಡಿಯುವ ದಾರಿ. ಇಂದು ಅದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ತಂತ್ರಾಂಶದ ದೋಷವನ್ನು 'ಬಗ್' ಎನ್ನುತ್ತಾರೆ. ಬಗ್ ಎಂದರೆ ಕೀಟ. ಯಂತ್ರದ ದೋಷಕ್ಕೆ ಈ ಹೆಸರು ಎಂಜಿನಿಯರರಲ್ಲಿ ಮೊದಲಿನಿಂದಲೂ ಬಳಕೆಯಲ್ಲಿತ್ತು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ಮಾರ್ಕ್-2 ಗಣಕದೊಳಗೆ ನಿಜವಾದ ಒಂದು ಪತಂಗವೇ ಸಿಕ್ಕಿತು. ಅದನ್ನು ಹಿಡಿದು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟರು. ಅಂದಿನ ಕೀಟ ಕಣ್ಣಿಗೆ ಕಾಣುತ್ತಿತ್ತು. ಇಂದು ನಾವು ಹುಡುಕುವ ಕೀಟ ಕಾಣುವುದಿಲ್ಲ. ಅದು ಮಾಡಿದ ಹಾನಿ ಮಾತ್ರ ಕಾಣುತ್ತದೆ. ಹಾನಿ ಕಂಡ ಜಾಗದಲ್ಲೇ ಕೀಟವೂ ಇದೆ ಎಂದು ತಿಳಿಯುವುದೇ ಈ ಕೆಲಸದಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು.

ಹಾಗಾದರೆ ಒಂದು ಪದ ನಿಮ್ಮ ಕೀಲಿಮಣೆಯಿಂದ ಗೆಳೆಯನ ಪರದೆಯವರೆಗೆ ಹೇಗೆ ಹೋಗುತ್ತದೆ ಎಂಬುದನ್ನು ನೋಡೋಣ. ಬಸ್ಸಿನಲ್ಲಿ ಕಳುಹಿಸಿದ ಪೊಟ್ಟಣ ಒಡೆದು ಬಂದರೆ ನಾವು ಏನು ಮಾಡುತ್ತೇವೆ? ಯಾವ ಯಾವ ನಿಲ್ದಾಣದಲ್ಲಿ ಇಳಿಸಿ ಹತ್ತಿಸಿದರು ಎಂದು ಒಂದೊಂದಾಗಿ ವಿಚಾರಿಸುತ್ತೇವೆ. ಇಲ್ಲಿಯೂ ಹಾಗೆಯೇ.

ಮೊದಲ ನಿಲ್ದಾಣ ಸಂಖ್ಯೆಗಳದು. ಗಣಕಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಪಡಿಸಿರುವ ವ್ಯವಸ್ಥೆಗೆ ಯುನಿಕೋಡ್ ಎಂದು ಹೆಸರು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲು. 'ದ' ಎಂಬುದಕ್ಕೆ 3238. ಹಲಂತ ಚಿಹ್ನೆಗೆ 3277. ಎತ್ವಕ್ಕೆ 3270.

ಇಲ್ಲಿ ಒಂದು ಸಂಗತಿಯನ್ನು ಚೆನ್ನಾಗಿ ಗಮನಿಸಿ. ಯುನಿಕೋಡಿನಲ್ಲಿ ಒತ್ತಕ್ಷರಗಳಿಗೆ ಬೇರೆ ಸಂಖ್ಯೆ ಇಲ್ಲ. 'ದ್ದೆ' ಎಂಬುದು ನಮ್ಮ ಕಣ್ಣಿಗೆ ಒಂದು ಅಕ್ಷರ. ಗಣಕಕ್ಕೆ ಅದು ದ, ಹಲಂತ, ದ, ಎತ್ವ ಎಂಬ ನಾಲ್ಕು ಸಂಖ್ಯೆಗಳ ಸಾಲು. ಹೀಗೆ ನಾವು ನಾಲ್ಕೇ ಅಕ್ಷರವೆಂದು ಓದುವ 'ಮಂಡಗದ್ದೆ' ಗಣಕದೊಳಗೆ ಎಂಟು ಸಂಖ್ಯೆಗಳು: ಮ, ಅನುಸ್ವಾರ, ಡ, ಗ, ದ, ಹಲಂತ, ದ, ಎತ್ವ.

ಎರಡನೆಯ ನಿಲ್ದಾಣ ಬೈಟ್‌ಗಳದು. ಸಂಖ್ಯೆಗಳನ್ನು ತಂತಿಯ ಮೂಲಕ ಕಳುಹಿಸಲು 0ಯಿಂದ 255ರೊಳಗಿನ ಸಣ್ಣ ತುಣುಕುಗಳಾಗಿ ಒಡೆಯುತ್ತಾರೆ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಖ್ಯೆಗೂ ಮೂರು ಬೈಟ್ ಬೇಕು. 'ದ' ಎಂಬುದು 224, 178, 166 ಎಂದು ಹೊರಡುತ್ತದೆ. ಇಡೀ 'ಮಂಡಗದ್ದೆ'ಗೆ 24 ಬೈಟ್.

ಮೂರನೆಯ ನಿಲ್ದಾಣ ಜೋಡಣೆಯದು. ನಮ್ಮ ಲಿಪಿಗೆ ಇದು ಅತ್ಯಂತ ಮುಖ್ಯವಾದದ್ದು. ಬ್ರೌಸರಿನೊಳಗೆ ಲಿಪಿಯನ್ನು ಜೋಡಿಸುವ ಒಂದು ಭಾಗವಿರುತ್ತದೆ. ಅದು ಆ ಸಂಖ್ಯೆಗಳನ್ನು ಓದಿ, ಯಾವುದು ಮೇಲೆ, ಯಾವುದು ಕೆಳಗೆ, ಯಾವುದು ಹಿಂದೆ, ಯಾವುದು ಮುಂದೆ ಎಂದು ತೀರ್ಮಾನಿಸುತ್ತದೆ. 'ದ್ದೆ'ಯಲ್ಲಿ ಎತ್ವದ ಸಂಖ್ಯೆ ಎಲ್ಲಕ್ಕಿಂತ ಕೊನೆಗೆ ಬಂದಿದೆ. ಆದರೆ ಬರೆಯುವಾಗ ಅದು ಮೊದಲ ದಕಾರದ ತಲೆಯ ಮೇಲೆ ಕೂರಬೇಕು. ಎರಡನೆಯ ದಕಾರ ಒತ್ತಾಗಿ ಕೆಳಗೆ ಇಳಿಯಬೇಕು. 'ತೀರ್ಥಹಳ್ಳಿ'ಯಲ್ಲಿ ರೇಫದ ಸಂಖ್ಯೆ ಥಕಾರಕ್ಕಿಂತ ಮುಂಚೆ ಇದೆ. ಪರದೆಯ ಮೇಲೆ ಅದು ಥಕಾರದ ನಂತರ, ಕನ್ನಡದ ೯ರಂತೆ, ಅರ್ಕಾವತ್ತಾಗಿ ಕಾಣಬೇಕು. 'ಶಿವಮೊಗ್ಗ'ದ ಒತ್ವ ಒಂದೇ ಸಂಖ್ಯೆಯಾದರೂ, ಬರೆಯುವಾಗ ಅದರ ಒಂದು ಭಾಗ ಮಕಾರದ ಮೇಲೆ, ಇನ್ನೊಂದು ಭಾಗ ಬಲಕ್ಕೆ ಹೋಗುತ್ತದೆ. ನೋಡಿ, ಒಂದೇ ರಸ್ತೆಯ ಮೂರು ಊರುಗಳ ಹೆಸರಿನಲ್ಲಿ ಕನ್ನಡ ಲಿಪಿಯ ತೊಡಕುಗಳೆಲ್ಲ ಹೆಚ್ಚುಕಡಿಮೆ ಬಂದುಬಿಟ್ಟವು!

ನಾಲ್ಕನೆಯ ನಿಲ್ದಾಣ ಫಾಂಟಿನದು. ಜೋಡಣೆಯ ತೀರ್ಮಾನಕ್ಕೆ ತಕ್ಕ ಅಚ್ಚುಗಳು ಇರುವುದು ಫಾಂಟಿನಲ್ಲಿ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಜೊತೆಗೆ ಮೈಕ್ರೋಸಾಫ್ಟ್ ಕೊಟ್ಟ ಕನ್ನಡ ಫಾಂಟಿನ ಹೆಸರು 'ತುಂಗ'. ಮಂಡಗದ್ದೆಯ ಪಕ್ಕದಲ್ಲಿ ಹರಿಯುವ ನದಿಯ ಹೆಸರೇ ಅದರದ್ದೂ ಆಗಿದೆ.

ಐದನೆಯದು ಪುಟ ವಿನ್ಯಾಸ. ಸಾಲಿನ ಎತ್ತರ ಎಷ್ಟು, ಪೆಟ್ಟಿಗೆಯ ಅಗಲ ಎಷ್ಟು, ಬಣ್ಣ ಯಾವುದು ಎಂಬ ಸೂಚನೆಗಳಂತೆ ಪದವು ಕೊನೆಗೆ ಪರದೆಯ ಮೇಲೆ ಮೂಡುತ್ತದೆ.

ಯುನಿಕೋಡ್ ನೆಲೆಗೊಳ್ಳುವ ಮುಂಚೆ ಕನ್ನಡದಲ್ಲಿ ಗಣಕ ಬಳಸುತ್ತಿದ್ದವರ ಪಾಡು ಬೇರೆಯೇ ಇತ್ತು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡದ ಅಚ್ಚುಗಳನ್ನು ಕೂರಿಸುತ್ತಿದ್ದರು. ಒಂದೊಂದು ತಂತ್ರಾಂಶದ ಏರ್ಪಾಡು ಒಂದೊಂದು ಬಗೆ. ಓದುವವರ ಬಳಿ ಅದೇ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಶೇಷಾದ್ರಿ ವಾಸು ಅವರು 1998ರಲ್ಲಿ ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವೆಲ್ಲ ಕನ್ನಡವನ್ನು ಗಣಕದೊಳಗೆ ತಂದ ಹೆಜ್ಜೆಗಳು. ಯುನಿಕೋಡ್ ಬಂದ ಮೇಲೆ ಸಂಖ್ಯೆಗಳ ಜಗಳ ಬಹುಮಟ್ಟಿಗೆ ತೀರಿತು. ಜೋಡಣೆಯ ಜವಾಬ್ದಾರಿ ಮಾತ್ರ ಬ್ರೌಸರಿನ ಹೆಗಲಿಗೆ ಬಿತ್ತು. ಇಂದಿನ ದೋಷಗಳಲ್ಲಿ ಹಲವು ಹುಟ್ಟುವುದು ಅಲ್ಲಿಯೇ.

ಈಗ ಪತ್ತೇದಾರಿಗೆ ಬರೋಣ. ವೈದ್ಯರು ನಾಲಿಗೆ ನೋಡಿ, ನಾಡಿ ಹಿಡಿದು ರೋಗವನ್ನು ಊಹಿಸುವಂತೆ, ಪರದೆಯ ಮೇಲಿನ ಲಕ್ಷಣದಿಂದ ಯಾವ ನಿಲ್ದಾಣದಲ್ಲಿ ತೊಂದರೆಯಾಗಿದೆ ಎಂದು ಊಹಿಸಬಹುದು.

ಕನ್ನಡದ ಬದಲು ಓರೆಗೆರೆ ಹೊತ್ತ ಇಂಗ್ಲಿಷ್ 'ಎ', ಅದರ ಪಕ್ಕದಲ್ಲಿ ಪುಟ್ಟ ಎರಡು ಅಥವಾ ಪುಟ್ಟ ಮೂರು, ಮತ್ತೆ ಅದೇ 'ಎ' ಎಂದು ಸಾಲುಸಾಲಾಗಿ ಬಂದಿದೆಯೇ? ತೊಂದರೆ ಬೈಟ್‌ಗಳ ನಿಲ್ದಾಣದಲ್ಲಿದೆ. ಮೂರು ಮೂರು ಬೈಟ್ ಸೇರಿಸಿ ಓದಬೇಕಾದಲ್ಲಿ ಬ್ರೌಸರ್ ಒಂದೊಂದನ್ನೇ ಒಂದೊಂದು ಅಕ್ಷರವೆಂದು ಓದಿದೆ. ಕನ್ನಡದ ಬೈಟ್‌ಗಳು 224, 178 ಅಥವಾ 224, 179 ಎಂದು ಆರಂಭವಾಗುವುದರಿಂದ ಅದೇ ಆಕಾರಗಳು ಮರುಕಳಿಸುತ್ತವೆ. ಪುಟದ ತಲೆಯಲ್ಲಿ 'ಇದು ಯುಟಿಎಫ್-8' ಎಂದು ಘೋಷಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಖಾಲಿ ಚೌಕಗಳು ಬಂದಿವೆಯೇ? ಸಂಖ್ಯೆಗಳು ಸರಿಯಾಗಿ ತಲುಪಿವೆ, ಆದರೆ ಆ ಫೋನಿನಲ್ಲಿ ಕನ್ನಡ ಫಾಂಟ್ ಇಲ್ಲ. ಈ ಚೌಕಗಳಿಗೆ ತಂತ್ರಜ್ಞರು 'ಟೋಫು' ಎಂದು ಹೆಸರಿಟ್ಟಿದ್ದಾರೆ. ಟೋಫು ಎಂದರೆ ಸೋಯಾ ಹಾಲಿನಿಂದ ಮಾಡುವ ಚೌಕದ ಗಿಣ್ಣಿನಂಥ ತಿನಿಸು. ಎಲ್ಲ ಲಿಪಿಗಳಿಗೂ ಫಾಂಟ್ ಒದಗಿಸಲು ಗೂಗಲ್ ಕೈಗೊಂಡ ಯೋಜನೆಗೆ 'ನೋಟೋ' ಎಂದು ಹೆಸರು ಬಂದದ್ದು 'ಇನ್ನು ಟೋಫು ಬೇಡ' ಎಂಬ ಅರ್ಥದಿಂದಲೇ.

ಒತ್ತು ಕಾಣೆಯಾಗಿ 'ಮಂಡಗದೆ' ಎಂದಿದೆಯೇ? ಅವಸರದಲ್ಲಿ ಇದನ್ನು ಕಾಗುಣಿತದ ತಪ್ಪು ಎಂದುಕೊಳ್ಳುತ್ತೇವೆ. ಆ ಪದವನ್ನು ನಕಲು ಮಾಡಿ ಬೇರೆಡೆ ಅಂಟಿಸಿ ನೋಡಿ. ಅಲ್ಲಿ ಒತ್ತು ಬಂದರೆ ತೊಂದರೆ ಪುಟ ವಿನ್ಯಾಸದಲ್ಲಿದೆ. ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಸಾಲಿಗೆ ಕಡಿಮೆ ಎತ್ತರ ಕೊಟ್ಟಿರುತ್ತಾರೆ, ಪೆಟ್ಟಿಗೆಯಿಂದ ಹೊರಗೆ ಚಾಚಿದ್ದನ್ನು ಮರೆಮಾಡು ಎಂದೂ ಹೇಳಿರುತ್ತಾರೆ. ನಮ್ಮ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಅವು ಬಾಗಿಲಿಗೆ ಸಿಕ್ಕ ಸೆರಗಿನಂತೆ ಕತ್ತರಿಸಿಹೋಗುತ್ತವೆ. 'ಅಕ್ಕ' ಎಂಬುದು 'ಅಕ' ಆಗುತ್ತದೆ. ಸಾಲಿನ ಎತ್ತರವನ್ನು ಹೆಚ್ಚಿಸುವುದೇ ಇದಕ್ಕೆ ಮದ್ದು.

ಶೀರ್ಷಿಕೆ 'ಮಂಡಗದ್' ಎಂದು ಅರ್ಧಕ್ಕೇ ನಿಂತಿದೆಯೇ? ಯಾರೋ ಪ್ರೋಗ್ರಾಮಿನಲ್ಲಿ 'ಮೊದಲ ಆರು ಅಕ್ಷರ ಮಾತ್ರ ತೋರಿಸು' ಎಂದು ಬರೆದಿದ್ದಾರೆ. ಅವರ ಲೆಕ್ಕದ ಅಕ್ಷರ ನಮ್ಮ ಅಕ್ಷರವಲ್ಲ, ಅದು ಸಂಖ್ಯೆ. ಎಂಟರಲ್ಲಿ ಆರನ್ನು ಎಣಿಸಿದರೆ ಹಲಂತಕ್ಕೆ ಬಂದು ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಈ ಲೆಕ್ಕ ನಡೆಯುತ್ತದೆ, ಕನ್ನಡದಲ್ಲಿ ಒತ್ತಕ್ಷರದ ಕತ್ತನ್ನೇ ಕತ್ತರಿಸುತ್ತದೆ.

ಇನ್ನು 'ಮಂಡಗದ್‌ದೆ' ಎಂದು ಬಿಡಿಯಾಗಿ ಬಂದದ್ದು. ಇದು ಎಲ್ಲಕ್ಕಿಂತ ಜಾಣ ಕೀಟ, ಏಕೆಂದರೆ ಇದಕ್ಕೆ ಎರಡು ಬೇರೆ ಬೇರೆ ಕಾರಣಗಳಿರಬಹುದು. ಬ್ರೌಸರಿನ ಜೋಡಣೆಯ ಭಾಗ ಅಥವಾ ಫಾಂಟ್ ತನ್ನ ಕೆಲಸ ಮಾಡದೆ ಇರಬಹುದು. ಇಲ್ಲವೇ ಪದದೊಳಗೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿಕೊಂಡಿರಬಹುದು. ಯುನಿಕೋಡಿನಲ್ಲಿ 8204 ಎಂಬ ಸಂಖ್ಯೆಗೆ ಆಕಾರವೂ ಇಲ್ಲ, ಅಗಲವೂ ಇಲ್ಲ. ಅಕ್ಕಪಕ್ಕದ ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವುದಷ್ಟೇ ಅದರ ಕೆಲಸ. 'ಫೇಸ್‌ಬುಕ್' ಎಂಬಂತಹ ಪದಗಳಲ್ಲಿ ಸಕಾರದ ಕೆಳಗೆ ಬಕಾರ ಒತ್ತಾಗಿ ಬರಬಾರದೆಂದು ನಾವೇ ಅದನ್ನು ಬಳಸುತ್ತೇವೆ. ಅದು ಬೇಡದ ಕಡೆ ನುಸುಳಿದರೆ ಒತ್ತಕ್ಷರ ಒಡೆಯುತ್ತದೆ.

ಈ ಎರಡು ಕಾರಣಗಳಲ್ಲಿ ಯಾವುದು ಎಂದು ತಿಳಿಯುವುದು ಹೇಗೆ? ಅದೇ ಪುಟವನ್ನು ಎರಡು ಬೇರೆ ಬ್ರೌಸರಿನಲ್ಲಿ ತೆರೆಯಿರಿ. ಎರಡರಲ್ಲೂ ಮುರಿದಿದ್ದರೆ ಸಂಶಯ ಬರಹದ ಮೇಲೆ. ಒಂದರಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಮುರಿದಿದ್ದರೆ ಸಂಶಯ ಬ್ರೌಸರಿನ ಮೇಲೆ ಅಥವಾ ಅದು ಆರಿಸಿಕೊಂಡ ಫಾಂಟಿನ ಮೇಲೆ. ಬಳಿಕ ಸಂಖ್ಯೆಗಳನ್ನು ಎಣಿಸಿ. ಪೈಥಾನ್ ಕಲಿತವರು ಪದದ ಉದ್ದವನ್ನು ಕೇಳಿದರೆ ಸಾಕು. 'ಮಂಡಗದ್ದೆ'ಗೆ ಎಂಟು ಬರಬೇಕು, ಒಂಬತ್ತು ಬಂದರೆ ಒಳಗೆ ಯಾರೋ ಅಡಗಿದ್ದಾರೆ. ಪೈಥಾನ್ ತಿಳಿಯದಿದ್ದರೆ ಪದದ ಕೊನೆಯಲ್ಲಿ ನಿಂತು ಅಳಿಸುವ ಕೀಲಿಯನ್ನು ಒಂದೊಂದೇ ಸಲ ಒತ್ತಿ. ಹಲವು ತಂತ್ರಾಂಶಗಳಲ್ಲಿ ಮೊದಲು ಎತ್ವ ಹೋಗುತ್ತದೆ, ಆಮೇಲೆ ದಕಾರ, ಆಮೇಲೆ ಹಲಂತ. ಒಮ್ಮೆ ಒತ್ತಿದಾಗ ಏನೂ ಅಳಿದಂತೆ ಕಾಣದಿದ್ದರೆ, ಆಗ ಅಳಿದದ್ದೇ ಆ ಅದೃಶ್ಯ ಗುರುತು.

ಈ ಎಲ್ಲ ಪರೀಕ್ಷೆಗಳ ಹಿಂದೆ ಇರುವುದು ಒಂದೇ ನಿಯಮ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ. ಫಾಂಟನ್ನೂ ಬದಲಿಸಿ, ಸಾಲಿನ ಎತ್ತರವನ್ನೂ ಹೆಚ್ಚಿಸಿ, ಪದವನ್ನೂ ಮತ್ತೆ ಟೈಪ್ ಮಾಡಿದರೆ ದೋಷ ಹೋಗಬಹುದು. ಆದರೆ ಯಾವುದರಿಂದ ಹೋಯಿತು ಎಂದು ತಿಳಿಯುವುದಿಲ್ಲ. ನಾಳೆ ಅದು ಮತ್ತೆ ಬರುತ್ತದೆ. ಪ್ರಯೋಗಶಾಲೆಯಲ್ಲಿ ಉಪ್ಪನ್ನು ಪರೀಕ್ಷಿಸುವಾಗ ಒಂದೊಂದೇ ದ್ರಾವಣ ಹಾಕಿ ನೋಡುತ್ತೀರಲ್ಲ, ಅದೇ ಶಿಸ್ತು ಇಲ್ಲಿಯೂ ಬೇಕು. ಜೊತೆಗೆ ಪುಟವನ್ನು ಕಿರಿದುಗೊಳಿಸುತ್ತ ಹೋಗಿ. ಹಕ್ಕಿಗಳ ಚಿತ್ರ ತೆಗೆಯಿರಿ, ದೋಷ ಉಳಿದಿದೆಯೇ? ಬಣ್ಣ ತೆಗೆಯಿರಿ, ಉಳಿದಿದೆಯೇ? ಕೊನೆಗೆ ಒಂದೇ ಪದ, ಒಂದೇ ದೋಷ ಉಳಿಯುತ್ತದೆ. ಅಷ್ಟಾದರೆ ಅರ್ಧ ಕೆಲಸ ಮುಗಿದ ಹಾಗೆ.

ಇದು ಕೇವಲ ಊಹೆಯ ಮಾತಲ್ಲ. ಕನ್ನಡದಲ್ಲೇ ನಡೆದ ನಿಜವಾದ ಒಂದು ಪ್ರಸಂಗವನ್ನು ಹೇಳುತ್ತೇನೆ. ರಕಾರಕ್ಕೆ ಯಕಾರ ಸೇರಿದಾಗ ನಾವು ಎರಡು ಬಗೆಯಲ್ಲಿ ಬರೆಯುತ್ತೇವೆ. 'ಸೂರ್ಯ' ಎಂಬಲ್ಲಿ ಯಕಾರದ ಮುಂದೆ ಅರ್ಕಾವತ್ತು ಬರುತ್ತದೆ. 'ರ‍್ಯಾಂಕ್' ಎಂಬಲ್ಲಿ ರಕಾರ ಪೂರ್ಣವಾಗಿ ನಿಂತು ಯಕಾರ ಅದರ ಒತ್ತಾಗುತ್ತದೆ. ಹಳೆಯ ಮುದ್ರಣದಲ್ಲಿ 'ಕಾರ್ಯ', 'ಕಾರ‍್ಯ' ಎಂಬ ಎರಡೂ ರೂಪಗಳಿದ್ದವು. ಸಂಖ್ಯೆಗಳಲ್ಲಿ ಎರಡಕ್ಕೂ ರ, ಹಲಂತ, ಯ ಎಂಬ ಒಂದೇ ಸಾಲಾದರೆ ಗಣಕವು ಯಾವ ರೂಪವನ್ನು ತೋರಿಸಬೇಕು? ಇದಕ್ಕಾಗಿ ಮತ್ತೊಂದು ಅದೃಶ್ಯ ಗುರುತನ್ನು ಬಳಸುತ್ತಾರೆ. ಅದರ ಸಂಖ್ಯೆ 8205, ಹೆಸರು 'ಜೀರೋ ವಿಡ್ತ್ ಜಾಯ್ನರ್', ಅಂದರೆ ಅಗಲವಿಲ್ಲದ ಜೋಡಕ. ಗುರುತು ಇಲ್ಲದಿದ್ದರೆ ಅರ್ಕಾವತ್ತು, ಇದ್ದರೆ ರಕಾರಕ್ಕೆ ಒತ್ತು.

ಆದರೆ ಆ ಗುರುತನ್ನು ಎಲ್ಲಿ ಇಡಬೇಕು? ಹಳೆಯ ರೂಢಿಯಲ್ಲಿ ರಕಾರ, ಹಲಂತ, ಆಮೇಲೆ ಜೋಡಕ ಎಂದು ಇಡುತ್ತಿದ್ದರು. ಯುನಿಕೋಡ್ ಈಗ ಹೇಳುವ ಕ್ರಮದಲ್ಲಿ ರಕಾರದ ಬೆನ್ನಿಗೇ ಜೋಡಕ, ಆಮೇಲೆ ಹಲಂತ. ಕಣ್ಣಿಗೆ ಕಾಣದ ಒಂದು ಗುರುತು ಒಂದು ಹೆಜ್ಜೆ ಆಚೀಚೆ ಆಯಿತು, ಅಷ್ಟೆ. ಇದರಿಂದ ಹಳೆಯ ಕ್ರಮದಲ್ಲಿ ಟೈಪ್ ಮಾಡಿದ ಕನ್ನಡ ಪದಗಳು ಎಲ್ಲೆಡೆ ಒಂದೇ ರೀತಿ ಕಾಣದೆ ಹೋದವು. ಬರೆದವರು ಸರಿಯಾಗಿಯೇ ಬರೆದಿದ್ದರು. ಅವರು ಬರೆದ ಮೇಲೆ ನಿಯಮ ಬೇರೆಯಾಗಿತ್ತು.

ಇದನ್ನು ಸರಿಪಡಿಸಿದ್ದು ಎಲ್ಲಿ ಗೊತ್ತೇ? ಕ್ರೋಮ್, ಫೈರ್‌ಫಾಕ್ಸ್ ಬ್ರೌಸರುಗಳಲ್ಲಿ, ಆಂಡ್ರಾಯ್ಡ್ ಫೋನುಗಳಲ್ಲಿ ಲಿಪಿಯನ್ನು ಜೋಡಿಸುವ ತಂತ್ರಾಂಶದ ಹೆಸರು 'ಹಾರ್ಫ್‌ಬಝ್'. ಫಾರ್ಸಿ ಭಾಷೆಯಲ್ಲಿ 'ಹರ್ಫ್' ಎಂದರೆ ಅಕ್ಷರ, 'ಬಾಝ್' ಎಂದರೆ ತೆರೆದ. ಇಂದು ಬಳಕೆಯಲ್ಲಿರುವ 'ಓಪನ್‌ಟೈಪ್' ಎಂಬ ಫಾಂಟ್ ಪದ್ಧತಿಯ ಹೆಸರಿನ ಅನುವಾದವೇ ಅದು. ಇರಾನ್ ಮೂಲದ ಬೆಹ್ದಾದ್ ಎಸ್ಫಹ್‌ಬೋದ್ ಅದನ್ನು ಬೆಳೆಸಿದವರಲ್ಲಿ ಪ್ರಮುಖರು. ಇದು ಮುಕ್ತ ತಂತ್ರಾಂಶ, ಅದರ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು. ಕನ್ನಡದ ಈ ತೊಂದರೆ ಅವರ ದೋಷಪಟ್ಟಿಯಲ್ಲಿ ದಾಖಲಾಯಿತು. ಪರಿಹಾರವಾಗಿ ಕೆಲವೇ ಸಾಲುಗಳನ್ನು ಸೇರಿಸಿದರು. ಲಿಪಿ ಕನ್ನಡವಾಗಿದ್ದು, ರಕಾರದ ಬಳಿಕ ಹಲಂತ, ಅದರ ಬಳಿಕ ಜೋಡಕ ಬಂದರೆ, ಕೊನೆಯ ಎರಡನ್ನು ಅದಲುಬದಲು ಮಾಡಿಕೊ ಎಂಬುದೇ ಆ ಸಾಲುಗಳ ಅರ್ಥ. ಕನ್ನಡದ ಹಳೆಯ ಬಳಕೆಗೆ ಹೊಂದಿಕೆಯಾಗಲೆಂದು ಹೀಗೆ ಮಾಡಿದೆ ಎಂಬ ಟಿಪ್ಪಣಿಯೂ ಅಲ್ಲಿದೆ.

ಈ ಪರಿಹಾರದಲ್ಲಿರುವ ವಿವೇಕವನ್ನು ನೀವು ಗಮನಿಸಬೇಕು. 'ಹಳೆಯದು ತಪ್ಪು, ಎಲ್ಲರೂ ತಿದ್ದಿ ಬರೆಯಿರಿ' ಎಂದು ಅವರು ಹೇಳಲಿಲ್ಲ. ಅಷ್ಟು ಪುಟಗಳನ್ನು ಯಾರು ತಿದ್ದಿಯಾರು? ಬರೆದವರಲ್ಲಿ ಹಲವರು ಇಂದು ಇಲ್ಲದೆಯೂ ಇರಬಹುದು. ಹಳೆಯ ಬರಹವನ್ನು ಮುಟ್ಟದೆ, ಓದುವ ಯಂತ್ರಕ್ಕೆ ಎರಡೂ ಕ್ರಮಗಳನ್ನು ಕಲಿಸಿದರು.

ಆದರೂ ಒಂದು ಎಚ್ಚರಿಕೆಯ ಮಾತು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಂಡರೂ ಒಳಗಿನ ಸಂಖ್ಯೆಗಳ ಸಾಲು ಬೇರೆಯೇ. ಅದೃಶ್ಯ ಗುರುತುಗಳನ್ನು ಲೆಕ್ಕಕ್ಕೆ ಹಿಡಿಯುವ ಸರಳ ಹುಡುಕಾಟದಲ್ಲಿ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಒಂದು ಪಟ್ಟಿಯಲ್ಲಿ 'ಆರ್ಯ' ಎಂಬವರ ಹೆಸರಿನೊಳಗೆ ಜೋಡಕವಿದ್ದು, ನೀವು ಜೋಡಕವಿಲ್ಲದೆ ಹುಡುಕಿದರೆ, 'ಅಂತಹ ಹೆಸರಿಲ್ಲ' ಎಂಬ ಉತ್ತರ ಬರಬಹುದು. ಪ್ರವೇಶ ಪಟ್ಟಿಯಲ್ಲಿ ಹೀಗಾದರೆ ಆ ವಿದ್ಯಾರ್ಥಿಯ ಗತಿಯೇನು ಎಂದು ಯೋಚಿಸಿ. ಅಕ್ಷರದ ದೋಷ ಬರಿಯ ಅಂದಚಂದದ ವಿಷಯವಲ್ಲ.

ಅದೃಶ್ಯ ಗುರುತಿನಿಂದ ಇನ್ನೂ ದೊಡ್ಡ ಅನಾಹುತ ಆದದ್ದುಂಟು. 2018ರ ಫೆಬ್ರವರಿಯಲ್ಲಿ ನಮ್ಮ ನೆರೆಯ ತೆಲುಗು ಲಿಪಿಯ ಒಂದು ಒತ್ತಕ್ಷರ ಜಗತ್ತಿನಾದ್ಯಂತ ಸುದ್ದಿಯಾಯಿತು. 'ಜ್ಞಾ' ಎಂಬ ಆ ಅಕ್ಷರದ ನಡುವೆ ಬಿಡಿಸುವ ಗುರುತು ಸೇರಿದ್ದ ಸಾಲನ್ನು ತೋರಿಸಲು ಹೋಗಿ ಐಫೋನಿನ ಹಲವು ಆ್ಯಪ್‌ಗಳು ಸ್ಥಗಿತಗೊಂಡವು. ಆಪಲ್ ಸಂಸ್ಥೆ ಅದೇ ತಿಂಗಳಿನಲ್ಲಿ ಐಓಎಸ್ 11.2.6 ಎಂಬ ತಿದ್ದುಪಡಿಯನ್ನು ಹೊರತಂದಿತು. ಆಗ ಕೆಲವರು ಅದನ್ನು 'ಅಪಾಯಕಾರಿ ತೆಲುಗು ಅಕ್ಷರ' ಎಂದು ಕರೆದರು. ಅಕ್ಷರದಲ್ಲಿ ಅಪಾಯವಿರಲಿಲ್ಲ, ಅದನ್ನು ಜೋಡಿಸುವ ತಂತ್ರಾಂಶದಲ್ಲಿ ಇತ್ತು. ಮಂಡಗದ್ದೆಯ ಹೆಸರನ್ನು ತಪ್ಪು ಬರೆದಿರಿ ಎಂದು ನಿಮ್ಮನ್ನು ಆಕ್ಷೇಪಿಸಿದವರೂ ಇದೇ ತಪ್ಪನ್ನೇ ಮಾಡಿದ್ದು.

ಮಿತ್ರರೇ, ಇಷ್ಟೆಲ್ಲ ಹೇಳಿದ್ದರ ಸಾರ ಒಂದೇ. ಕಾಗುಣಿತದ ತಪ್ಪಾದರೆ ಅದನ್ನು ತಿದ್ದುವ ತಂತ್ರಾಂಶವಿದೆ. ಆದರೆ 'ದ್ದೆ' ಮುರಿದು ಕಂಡಾಗ ಬ್ರೌಸರಿಗೆ ಅದು ಮುರಿದಿದೆ ಎಂದು ಗೊತ್ತಾಗುವುದಿಲ್ಲ. ತನ್ನ ಲೆಕ್ಕದಲ್ಲಿ ಅದು ಎಲ್ಲವನ್ನೂ ಸರಿಯಾಗಿಯೇ ಮಾಡಿದೆ. ದೂರದ ದೇಶದಲ್ಲಿ ಕುಳಿತು ಅದನ್ನು ರೂಪಿಸಿದ ಎಂಜಿನಿಯರಿಗೆ ಕನ್ನಡ ಓದಲು ಬರದಿರಬಹುದು. ಮುರಿದಿದೆ ಎಂದು ಹೇಳಬಲ್ಲದ್ದು ಕನ್ನಡ ಬಲ್ಲ ಕಣ್ಣು ಮಾತ್ರ. ಆ ಕಣ್ಣು ನಿಮ್ಮಲ್ಲಿದೆ. ಒಂದನೆಯ ತರಗತಿಯಲ್ಲಿ ಸ್ಲೇಟಿನ ಮೇಲೆ ಒತ್ತಕ್ಷರ ತಿದ್ದಿದಾಗಲೇ ಅದು ನಿಮಗೆ ಬಂದಿದೆ.

ಆದ್ದರಿಂದ ದೋಷ ಕಂಡಾಗ ಸುಮ್ಮನಿರಬೇಡಿ. 'ಕನ್ನಡ ಸರಿಯಾಗಿ ಬರುತ್ತಿಲ್ಲ' ಎಂದು ದೂರಿದರೆ ಯಾರಿಗೂ ಉಪಯೋಗವಿಲ್ಲ. ನಾಲ್ಕು ಸಂಗತಿಗಳನ್ನು ಬರೆಯಿರಿ. ಯಾವ ಪದ ಎಂಬುದನ್ನು ನಕಲು ಮಾಡಿ ಅಂಟಿಸಿ. ಅದು ಹೇಗೆ ಕಾಣಬೇಕಿತ್ತು ಎಂಬುದನ್ನು ಬೇಕಾದರೆ ಕೈಯಲ್ಲಿ ಬರೆದು ಚಿತ್ರ ತೆಗೆಯಿರಿ. ಈಗ ಹೇಗೆ ಕಾಣುತ್ತಿದೆ ಎಂಬ ಪರದೆಯ ಚಿತ್ರ ಕೊಡಿ. ಯಾವ ಫೋನು ಅಥವಾ ಗಣಕ, ಯಾವ ಬ್ರೌಸರ್, ಅದರ ಯಾವ ಆವೃತ್ತಿ ಎಂದು ತಿಳಿಸಿ. ಕ್ರೋಮ್, ಫೈರ್‌ಫಾಕ್ಸ್, ಹಾರ್ಫ್‌ಬಝ್ ಮೂರಕ್ಕೂ ದೋಷಗಳನ್ನು ದಾಖಲಿಸುವ ತೆರೆದ ಪಟ್ಟಿಗಳಿವೆ. ಅಲ್ಲಿ ಬರೆಯಲು ನೀವು ಎಂಜಿನಿಯರ್ ಆಗಿರಬೇಕಿಲ್ಲ. ಹರಕು ಇಂಗ್ಲಿಷ್ ಆದರೂ ನಡೆಯುತ್ತದೆ, ಸಾಕ್ಷ್ಯ ಮಾತ್ರ ಸ್ಪಷ್ಟವಾಗಿರಲಿ. ಇಲ್ಲಿ ಹೇಳಿದ ಕನ್ನಡದ ತೊಂದರೆ ಪರಿಹಾರವಾದದ್ದೂ ಅದು ಅಂತಹ ಪಟ್ಟಿಯೊಂದಕ್ಕೆ ಸೇರಿದ್ದರಿಂದಲೇ.

ಮುಂದಿನ ಮಳೆಗಾಲದಲ್ಲಿ ಹಕ್ಕಿಗಳು ಮಂಡಗದ್ದೆಗೆ ಮತ್ತೆ ಬರುತ್ತವೆ. ಆ ಹೊತ್ತಿಗೆ ನೀವು ಅವುಗಳ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಅದನ್ನು ಬೇರೆ ಬೇರೆ ಫೋನುಗಳಲ್ಲಿ ತೆರೆದು, ಊರಿನ ಹೆಸರಿನ ಒತ್ತು ನೆಟ್ಟಗಿದೆಯೇ ಎಂದು ನೋಡಿ. ಇಲ್ಲದಿದ್ದರೆ ಇಂದು ಹೇಳಿದ ಐದು ನಿಲ್ದಾಣಗಳಲ್ಲಿ ಒಂದೊಂದನ್ನೇ ವಿಚಾರಿಸುತ್ತ ಹೋಗಿ. ಒತ್ತು ಎಲ್ಲಿ ಹೋಯಿತು ಎಂಬುದು ತಿಳಿದೇ ತಿಳಿಯುತ್ತದೆ.